ನನ್ನ ಗುಳಿಗೆ, ಅತ್ತೆಯ ಗುಳಿಗೆ

ಆ ವರ್ಷ ನನ್ನ ಹೊಟ್ಟೆಯಲ್ಲಿ ಇದ್ದದ್ದು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ ಮತ್ತು ಗಟ್ಟಿ ಮೊಸರು. ಮುಂಡರಗಿಯ ನಮ್ಮ ಓಣಿಯವರು ಅದನ್ನು ಕೂಸು ಎಂದು ತಿಳಿದರು. ತಿಳಿದವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ತುಟಿ ಪಿಟಕ್ ಎನ್ನದೆ ಕುಳಿತ ನನ್ನ ಮನೆಯವರ ಮೇಲೆ ಸಿಟ್ಟು. ಅದು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಅವಸರವೂ ನನಗಿಲ್ಲ.

ನಾನು ಲಕ್ಷ್ಮೇಶ್ವರದವಳು. ಮುಂಡರಗಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಮನೆಗೆ ಕೊಟ್ಟರು. ಮನೆಯಲ್ಲಿ ಅತ್ತೆ, ಗಂಡ, ಮದುವೆಯಾಗದ ಮೈದುನ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಕೆಟ್ಟ ಮನೆಯಲ್ಲ. ಯಾರೂ ನನ್ನ ಮೇಲೆ ಕೈ ಎತ್ತಿದವರಲ್ಲ, ಉಣ್ಣಲು ಉಡಲು ಕೊರತೆ ಮಾಡಿದವರಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಕೇಳಿದ ಕೂಡಲೇ ಮಂದಿ ‘ಹೊಡೀತಿದ್ರೇನು?’ ಎಂದು ಕೇಳುತ್ತಾರೆ. ಹೊಡೆದರೆ ಮಾತ್ರ ಹೆಣ್ಣುಮಗಳು ಸಿಟ್ಟಾಗಬೇಕು ಎಂದು ಇವರಿಗೆ ಯಾರು ಹೇಳಿದರೋ ತಿಳಿಯದು.

ನನ್ನ ಮೊದಲ ಬಸಿರು ಏಳನೇ ತಿಂಗಳಿಗೇ ಗದಗಿನ ಆಸ್ಪತ್ರೆಯಲ್ಲಿ ಮುಗಿದುಹೋಯಿತು. ಗಂಡು ಕೂಸು ಎಂದು ನರ್ಸ್ ಅಂದದ್ದು ಕೇಳಿಸಿತು. ಅಳು ಕೇಳಿಸಲಿಲ್ಲ. ಅತ್ತೆ ಅದನ್ನು ಬಿಳಿ ಅರಿವೆಯಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಬಾಗಿಲ ಕಡೆ ಹೊರಟರು, ಹಿಂದೆ ಗಂಡ. ನಾನು ಮಲಗಿದಲ್ಲಿಂದಲೇ ಕೈ ಚಾಚಿದೆ.

‘ಬ್ಯಾಡವಾ, ನೋಡಿದ್ರ ಕಣ್ಣಾಗ ಕುಂತುಬಿಡತೈತಿ’ ಎಂದರು ಅತ್ತೆ. ‘ನೋಡದಿದ್ರ ಮರಿಯಾಕ ಹಗರ ಆಗತೈತಿ.’

ನೋಡದಿದ್ದದ್ದನ್ನು ಮರೆಯುವುದು ಹೇಗೆ? ಕಂಡ ಮುಖವನ್ನಾದರೂ ಮರೆಯಬಹುದು. ಕಾಣದ ಮುಖವನ್ನು ನಾನು ದಿನಕ್ಕೊಂದು ಥರ ಮಾಡಿಕೊಂಡು ಕೂತೆ. ಮನೆಗೆ ಬಂದ ಮೇಲೆ ಯಾರೂ ಅದರ ಸುದ್ದಿ ಎತ್ತಲಿಲ್ಲ. ಕೂಸಿನ ತಲೆಗೆಂದು ಹೊಲಿಸಿಟ್ಟಿದ್ದ ಕುಲಾಯಿ, ಹೊದಿಸಲು ಕೌದಿ ಎಲ್ಲ ನಾನು ಬರುವಷ್ಟರಲ್ಲಿ ಅಟ್ಟ ಸೇರಿದ್ದವು. ಬಂದವರೆಲ್ಲ ‘ಆತು ಬಿಡವಾ, ಇನ್ನೂ ವಯಸ್ಸ ಐತಿ, ಮತ್ತೊಂದ ಆಗತೈತಿ’ ಎಂದು ಹೇಳಿ ಚಹಾ ಕುಡಿದು ಹೋದರು.

ನಾನು ಊಟ ಬಿಟ್ಟೆ. ಬಿಡಬೇಕೆಂದು ಬಿಟ್ಟದ್ದಲ್ಲ, ರೊಟ್ಟಿಯ ತುಂಡು ಬಾಯಲ್ಲಿಟ್ಟರೆ ಅರಿವೆ ಅಗಿದ ಹಾಗಾಗುತ್ತಿತ್ತು. ತಲೆ ಬಾಚಿಕೊಳ್ಳಲಿಲ್ಲ. ನಿದ್ದೆ ಹತ್ತಿರ ಸುಳಿಯಲಿಲ್ಲ. ಬೆಳಕು ಹರಿದರೆ ಯಾಕಾದರೂ ಹರಿಯಿತೋ ಅನ್ನಿಸುತ್ತಿತ್ತು. ಹಿತ್ತಲಲ್ಲಿ ಒಂದು ಹಳೆಯ ಬಾವಿ ಇದೆ, ಅದರ ಕಟ್ಟೆಯ ಮೇಲೆ ಹೋಗಿ ಕೂರುವುದು ರೂಢಿಯಾಯಿತು. ಒಂದು ದಿನ ನನ್ನ ಅವ್ವ ಲಕ್ಷ್ಮೇಶ್ವರದಿಂದ ಹೊರಟು ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಹೇಳದೆ ಕೇಳದೆ ಮುಂಡರಗಿಗೆ ಬಂದಳು, ಹಿತ್ತಲಿಗೆ ಬಂದು ನಾನು ಕೂತದ್ದು ನೋಡಿದಳು, ಮಾತಾಡದೆ ರಟ್ಟೆ ಹಿಡಿದು ಎಬ್ಬಿಸಿ ಒಳಗೆ ಕರೆತಂದಳು.

‘ಬೀಗತ್ಯಾರ, ನಾ ಇಕೀನ ಗದಗಿಗೆ ಕರ್ಕೊಂಡ ಹೊಂಟೇನಿ. ಮನಸ್ಸಿನ ಡಾಕ್ಟರ ಕಡೆ.’

ಅತ್ತೆ ಹೋಗಿ ಬೀದಿ ಬಾಗಿಲು ಮುಚ್ಚಿದರು. ‘ಹುಚ್ಚರ ದವಾಖಾನಿಗೆ? ನಾಳೆ ಮಂದಿ ಏನ ಅಂತಾರ?’

‘ಮಂದಿ ನಿಮ್ಮ ಹಿತ್ತಲ ಬಾವ್ಯಾಗ ಇಣಿಕಿ ನೋಡೂ ಪಾಳೇ ಬಂದ್ರ ಏನ ಅಂತಾರ?’ ಎಂದಳು ಅವ್ವ.

ಅವ್ವ ನನ್ನ ತಲೆ ಬಾಚಿ ಹೆಳಲು ಹಾಕಿ ಅವತ್ತೇ ಗದಗಿನ ಬಸ್ಸು ಹತ್ತಿಸಿದಳು.

ಬೆಟಗೇರಿಯ ಕಡೆ ಇದ್ದ ಆ ಡಾಕ್ಟರು ಹೆಣ್ಣುಮಗಳು. ಮೊದಲು ಎಲ್ಲರಿಗೂ ಕೊಡುವಂಥ ಗುಳಿಗೆಯನ್ನೇ ಬರೆದುಕೊಟ್ಟರು. ಅದು ನನಗೆ ಒಗ್ಗಲಿಲ್ಲ. ಹೊಟ್ಟೆ ತೊಳಸಿ ತೊಳಸಿ ಬರುತ್ತಿತ್ತು, ಕೈ ನಡುಗುತ್ತಿತ್ತು, ಮೊದಲೇ ಇಲ್ಲದ ನಿದ್ದೆ ಇನ್ನೂ ದೂರ ಹೋಯಿತು. ಮತ್ತೆ ಹೋದಾಗ ಅವರು ಅದನ್ನು ನಿಲ್ಲಿಸಿ ಬೇರೆಯದು ಕೊಟ್ಟರು.

‘ಇದರ ಹೆಸರು ಮಿರ್ಟಾಜಪಿನ್. ಎಲ್ಲಾರಿಗೂ ಮೊದಲಿಗೇ ಕೊಡೂ ಗುಳಿಗಿ ಅಲ್ಲ ಇದು’ ಎಂದರು. ‘ಊಟ, ನಿದ್ದಿ ಎರಡೂ ಬಿಟ್ಟೋರಿಗೆ ಹೊಂದತೈತಿ. ರಾತ್ರಿ ಮಲಗೂ ಮುಂದ ತೊಗೋರಿ. ನಿದ್ದಿ ಬರತೈತಿ, ಹಸಿವಿ ಆಗತೈತಿ. ಕೆಲವರಿಗೆ ಎರಡೂ ಹೆಚ್ಚಾಗೇ ಆಗತಾವು, ತೂಕ ಏರತೈತಿ. ಬಾಯಿ ಒಣಗಬಹುದು, ಬೆಳಿಗ್ಗೆ ತಲಿ ಭಾರ ಅನ್ನಿಸಬಹುದು, ಕನಸು ಭಾಳ ಬೀಳಬಹುದು. ಜ್ವರ, ಗಂಟಲನೋವು ಬಂದ್ರ ಮಾತ್ರ ತಡಾ ಮಾಡದ ನನಗ ಹೇಳ್ರಿ. ಮನಸ್ಸು ಹಗರ ಆಗಾಕ ವಾರಗಟ್ಟಲೆ ಹಿಡೀತೈತಿ, ಅವಸರ ಮಾಡಬ್ಯಾಡ್ರಿ. ಮತ್ತ ನನ್ನ ಕೇಳದ ಒಮ್ಮಿಗೇ ಬಿಡಬ್ಯಾಡ್ರಿ.’

ಅವರು ಹೇಳಿದ ಯಾವ ಮಾತೂ ಸುಳ್ಳಾಗಲಿಲ್ಲ. ಮೊದಲು ನಿದ್ದೆ ಬಂತು, ಮನಸ್ಸು ತಿಳಿಯಾಗುವುದಕ್ಕೆ ಎಷ್ಟೋ ಮೊದಲೇ. ಆಮೇಲೆ ಒಂದು ಮಧ್ಯಾಹ್ನ ಹಸಿವು ಬಂತು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹಂಚಿನ ಮೇಲೆ ರೊಟ್ಟಿ ಉಬ್ಬಿದ ವಾಸನೆ ನನ್ನ ಕೋಣೆಯವರೆಗೆ ಬಂತು, ಎದ್ದು ಹೋದೆ. ಹಂಚಿನಿಂದ ತೆಗೆದದ್ದನ್ನೇ ಕೈಯಲ್ಲಿ ಹಿಡಿದು ಊದಿ ಊದಿ ತಿಂದೆ, ಬೆರಳು ಸುಟ್ಟವು. ಅತ್ತೆ ನನ್ನನ್ನೇ ನೋಡುತ್ತ ಇನ್ನೊಂದು ಕೊಟ್ಟರು, ಅದರ ಮೇಲೆ ಎಣಗಾಯಿ ಸುರಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವತ್ತು ಅವರಿಗೆ ನಿಜವಾಗಿ ಸಂತೋಷವಾಗಿತ್ತು. ಅದನ್ನು ಇಲ್ಲ ಎನ್ನಲಾರೆ.

ಆದರೆ ಹಸಿವು ಒಂದು ದಿನದ ಅತಿಥಿಯಾಗಿ ಬಂದಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿತ್ತು. ಬೆಲ್ಲ ಕಂಡರೆ ಕೈ ಹೋಗುತ್ತಿತ್ತು. ನಮ್ಮದು ಗಂಡಸರು ಉಂಡು, ಅತ್ತೆ ಉಂಡು, ಆಮೇಲೆ ಸೊಸೆ ಉಣ್ಣುವ ಮನೆ. ನಾನು ಎಲ್ಲರಿಗಿಂತ ಮೊದಲು ಒಮ್ಮೆ, ಎಲ್ಲರ ನಂತರ ಒಮ್ಮೆ ಉಣ್ಣತೊಡಗಿದೆ. ಬೆಳಿಗ್ಗೆ ಏಳುವುದು ತಡವಾಗುತ್ತಿತ್ತು, ಎದ್ದರೂ ತಲೆ ಭಾರ. ಕುಪ್ಪಸಗಳು ತೋಳಿನಲ್ಲಿ ಬಿಗಿಯಾದವು. ಎದ್ದು ಕೂತು ನಗುವಷ್ಟು, ಜಗಳ ಮಾಡುವಷ್ಟು ಗಟ್ಟಿಯಾಗಿದ್ದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ‘ಸೂರ್ಯಾ ನೆತ್ತೀ ಮ್ಯಾಲೆ ಬಂದ ಮ್ಯಾಲೆ ಏಳತಾಳ’ ಎಂದು ಅತ್ತೆ ಪಾತ್ರೆಗಳಿಗೆ ಹೇಳುತ್ತಿದ್ದರು.

ಅದೇ ಮನೆಯಲ್ಲಿ ನನ್ನ ಮೈದುನ ಸಿಗರೇಟು ಬಿಡಲು ಹುಬ್ಬಳ್ಳಿಯ ಡಾಕ್ಟರಿಂದ ಒಂದು ಗುಳಿಗೆ ಬರೆಸಿಕೊಂಡು ಬಂದಿದ್ದ. ಅದು ಶುರುವಾದಂದಿನಿಂದ ಅವನಿಗೆ ನಿದ್ದೆ ಕಡಿಮೆ. ಬೆಳಕು ಹರಿಯುವ ಮೊದಲೇ ಎದ್ದು ಅಂಗಡಿಯ ಕಸ ಗುಡಿಸಿ, ಚೀಲಗಳನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸರಿಸಿ, ಸ್ನಾನ ಮುಗಿಸಿ ಕೂತಿರುತ್ತಿದ್ದ. ‘ನೋಡ್ರಿ, ಎಷ್ಟ ಶ್ಯಾಣ್ಯಾ ಆಗ್ಯಾನ’ ಎಂದು ಓಣಿಯೆಲ್ಲ ಹೊಗಳಿತು. ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿ, ಅದಕ್ಕೆ ಒಂದು ಗುಳಿಗೆ. ಅದರಿಂದ ಬಾಯಿ ಒಣಗುತ್ತದೆ ಎಂದು ತಂಬಿಗೆ ನೀರು ಪಕ್ಕದಲ್ಲೇ ಇರಬೇಕು. ಅವರ ಕಟ್ಟಿದ ಹೊಟ್ಟೆ ಸರಿಹೋಗಲಿ ಎಂದು ಗಂಡ ಪಪ್ಪಾಯಿ ಹಣ್ಣು ಹುಡುಕಿಕೊಂಡು ಹೋಗುತ್ತಿದ್ದ. ಥಟ್ಟನೆ ಎದ್ದರೆ ಅವರಿಗೆ ತಲೆ ತಿರುಗುತ್ತದೆ ಎಂದು ಎಲ್ಲರೂ ಕೈ ಹಿಡಿದು ಎಬ್ಬಿಸುತ್ತಿದ್ದೆವು. ಗುಳಿಗೆ ಅವರಿಗೆ ಮಾಡಿದ್ದು ತೊಂದರೆ, ಮೈದುನನಿಗೆ ಮಾಡಿದ್ದು ಹುಷಾರು, ನನಗೆ ಮಾಡಿದ್ದು ಮಾತ್ರ ಸೋಮಾರಿತನ. ಮೈ ಉರಿಯುತ್ತದೆ ಈಗಲೂ!

ಹೀಗಿರುವಾಗ ಎದುರು ಮನೆಯ ಕಾಕೂ ಒಂದು ಸಂಜೆ ಕಟ್ಟೆಗೆ ಬಂದು ಕೂತಳು. ನಾನು ಒಳಗೆ ಅವಲಕ್ಕಿ ಒಗ್ಗರಣೆ ತಿನ್ನುತ್ತ ಕೂತಿದ್ದೆ, ಮಾತು ಕೇಳಿಸುತ್ತಿತ್ತು.

‘ಏನವಾ, ಸೊಸಿ ಮೈ ತುಂಬ್ಯಾಳ! ನಿದ್ದೀನೂ ಭಾಳ ಬರತೈತಂತ? ಹುಳೀ ಬೇಡತಾಳೋ, ಸಿಹಿ ಬೇಡತಾಳೋ?’

ಅತ್ತೆ ಇಲ್ಲ ಎನ್ನಲಿಲ್ಲ. ‘ಇನ್ನೂ ಏನ ಹೇಳೂದ ಬ್ಯಾಡ ಬಿಡಕಾ’ ಎಂದು ಸೆರಗು ಸರಿ ಮಾಡಿಕೊಂಡರು.

ನಮ್ಮ ಕಡೆಯವರಿಗೆ ಅಷ್ಟು ಸಾಕು. ಬಸಿರನ್ನು ಇಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ದೃಷ್ಟಿಯಾದೀತು ಎಂಬ ಹೆದರಿಕೆ. ಕೇಳಿದರೆ ತಲೆ ತಗ್ಗಿಸಿ ಮಾತು ತೇಲಿಸುವುದು ರೀತಿ. ಮೊದಲ ಕೂಸು ಕಳೆದುಕೊಂಡ ಮನೆಯಾದರೆ ಇನ್ನೂ ಗುಟ್ಟು. ಹಾಗಾಗಿ ಹೌದು ಎಂದರೆ ಯಾರಾದರೂ ಅನುಮಾನಪಟ್ಟಾರು, ಸುಮ್ಮನಿದ್ದರೆ ಖಾತ್ರಿಯಾಗುತ್ತದೆ. ಅತ್ತೆಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ತಾಟು ಅಲ್ಲೇ ಇಟ್ಟು, ಕಾಕೂ ಹೋಗುವುದನ್ನೇ ಕಾದು ಕೇಳಿದೆ.

‘ಅತ್ತೀ, ಯಾಕ ಅಲ್ಲ ಅನ್ನಲಿಲ್ಲರಿ?’

‘ಅಲ್ಲ ಅಂದ್ರ ಮತ್ತ್ಯಾಕ ದಪ್ಪ ಆಗ್ಯಾಳ ಅಂತ ಕೇಳತಾಳ. ಏನ ಹೇಳಲಿ? ನನ್ನ ಸೊಸಿ ಹುಚ್ಚಿನ ಗುಳಿಗಿ ನುಂಗತಾಳ ಅನ್ನಲೇನು? ನಿನ್ನ ಮೈದುನಂದು ಇನ್ನೂ ಲಗ್ನ ಆಗಬೇಕವಾ. ನಾಕ ದಿನ ಮಾತಾಡಿ ಬಿಡತಾರ, ಸುಮ್ಮಿರು.’

ಗಂಡನಿಗೆ ಹೇಳಿದೆ. ಆತ ‘ಅವ್ವ ಅಂದಿದ್ದರಾಗ ತಪ್ಪೇನೈತಿ? ಮಂದಿ ಬಾಯಿ ಮುಚ್ಚಾಕ ಆಗತೈತೇನ?’ ಎಂದ. ಮಂದಿಯ ಬಾಯಿ ಬೇಡ, ನಿಮ್ಮ ಬಾಯಿ ಒಂದಿಷ್ಟು ತೆಗೆಯಿರಿ ಎಂದು ಕೂಗಿದೆ. ಆತ ಅಂಗಿ ಹಾಕಿಕೊಂಡು ಅಂಗಡಿಗೆ ಹೋದ.

ಕೂಸು ಸತ್ತದ್ದಕ್ಕೆ ತಾಯಿ ಕಾಯಿಲೆ ಬೀಳುತ್ತಾಳೆ, ಆ ಕಾಯಿಲೆಯನ್ನು ಮುಚ್ಚಲು ಹುಟ್ಟದ ಕೂಸೊಂದನ್ನು ಹುಟ್ಟಿಸುತ್ತಾರೆ. ಓಣಿಯ ನಳಕ್ಕೆ ನೀರು ತರಲು ಹೋದರೆ ‘ಬಿಡವಾ, ಎತ್ತಬ್ಯಾಡ’ ಎಂದು ಓಣಿಯ ಹೆಂಗಸರು ಕೊಡ ಕಸಿದುಕೊಳ್ಳುತ್ತಿದ್ದರು. ಸಂತೆಯಲ್ಲಿ ಹಣ್ಣಿನವಳು ಒಂದು ಮಾವಿನಕಾಯಿ ಹೆಚ್ಚಿಗೆ ಹಾಕುತ್ತಿದ್ದಳು. ಅದನ್ನು ಮನೆಗೆ ತಂದು ಬಚ್ಚಲಿಗೆ ಎಸೆಯುತ್ತಿದ್ದೆ. ಎಸೆದು ಅಳುತ್ತಿದ್ದೆ, ಆಮೇಲೆ ಹಸಿವಾಗಿ ಹೋಗಿ ತೊಳೆದು ತಿನ್ನುತ್ತಿದ್ದೆ.

ಮುಂದಿನ ಸಲ ಗದಗಿಗೆ ಹೋಗುವಾಗ ಡಾಕ್ಟರು ಮನೆಯ ಗುಳಿಗೆಗಳನ್ನೆಲ್ಲ ತರಲು ಹೇಳಿದ್ದರು. ಎಲ್ಲರ ಗುಳಿಗೆಯೂ ಒಂದೇ ಬಿಸ್ಕೀಟಿನ ಡಬ್ಬಿಯಲ್ಲಿ ಇರುತ್ತವೆ ಎಂದು ಹಿಂದಿನ ಸಲ ನಾನೇ ಬಾಯಿ ಬಿಟ್ಟಿದ್ದೆ. ಜೊತೆಗೆ ಬಂದ ಗಂಡ ಹೊರಗೆ ಕೂತ, ನಾನು ಒಳಗೆ ಹೋಗಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ಅವರು ಒಂದೊಂದೇ ಗುಳಿಗೆಯ ಹಾಳೆ ಎತ್ತಿ ಓದಿದರು.

‘ಇದ ಯಾರದು?’

‘ಅತ್ತೀದ್ರಿ. ಅಂಗಾಲ ಉರಿಗೆ.’

‘ಅಮಿಟ್ರಿಪ್ಟಿಲಿನ್. ಇದು ನಿನ್ನ ಗುಳಿಗಿಗೆ ದೊಡ್ಡಪ್ಪ ಆಗಬೇಕು. ಮನಸ್ಸಿನ ಖಿನ್ನತೆಗೇ ಕೊಡೂ ಹಳೇ ಗುಳಿಗಿ. ಈಗ ಕಡಿಮಿ ಪ್ರಮಾಣದಾಗ ನರದ ಉರಿಗೆ, ತಲಿಶೂಲಿಗೆ ಕೊಡತಾರ. ಬಾಯಿ ಒಣಗತೈತಿ, ಹೊಟ್ಟಿ ಕಟ್ಟತೈತಿ, ಎದ್ದ ನಿಂತ್ರ ತಲಿ ತಿರಗತೈತಿ, ಅಲ್ಲ?’

‘ಹೌದ್ರಿ’ ಎಂದೆ.

‘ಇದು?’

‘ಮೈದುನಂದ್ರಿ. ಸಿಗರೇಟ ಬಿಡಾಕ.’

‘ಬುಪ್ರೊಪಿಯಾನ್. ಇದೂ ಅದ ಪೈಕಿ. ಖಿನ್ನತೆಗೂ ಕೊಡತೀವಿ, ಸಿಗರೇಟ ಬಿಡಸಾಕೂ ಕೊಡತೀವಿ. ತೂಕ ಏರಸೂದಿಲ್ಲ, ನಿದ್ದಿ ಕೆಡಸತೈತಿ. ಫಿಟ್ಸ್ ಇದ್ದೋರಿಗೆ ಕೊಡಾಂಗಿಲ್ಲ. ಊಟಾ ಬಿಟ್ಟು ಸೊರಗಿದೋರಿಗೆ ಕೊಡಾಕೂ ಹಿಂಜರೀತೀವಿ, ಅದಕ್ಕ ನಿನಗ ಬರೀಲಿಲ್ಲ. ಇವನ್ನೆಲ್ಲ ಒಂದ ಡಬ್ಬ್ಯಾಗ ಇಡಬ್ಯಾಡ. ಒಬ್ಬರದು ಇನ್ನೊಬ್ಬರು ನುಂಗಿದ್ರ ಹೊಣಿ ಯಾರು?’

ಹೊರಡುವ ಮುಂದೆ ಇನ್ನೊಂದು ಮಾತು ಕೇಳಿದೆ, ಮುಂದೆ ಕೂಸು ಬೇಕೆನಿಸಿದರೆ ಹೇಗೆ ಎಂದು. ‘ಆವಾಗ ಬಾ, ಇಬ್ಬರೂ ಕೂಡಿ ವಿಚಾರ ಮಾಡೂಣು. ನಿನ್ನಷ್ಟಕ್ಕ ನೀನ ಬಿಡಬ್ಯಾಡ’ ಎಂದರು.

ವಾಪಸು ಬರುವ ಬಸ್ಸಿನಲ್ಲಿ ಡಂಬಳ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡುತ್ತ ಗಟ್ಟಿಯಾಗಿ ನಕ್ಕೆ. ಪಕ್ಕದಲ್ಲಿದ್ದ ಗಂಡ ಏನಾಯಿತು ಎಂದ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಆತ ನಗಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

‘ಮನ್ಯಾಗ ಇದನ್ನ ಹೇಳಬ್ಯಾಡ. ಪಾಪ, ಅವ್ವ ಮನಸಿಗೆ ಹಚ್ಕೋತಾಳ.’

ನೋಡಿರಿ ಇವರ ನ್ಯಾಯ! ಅವ್ವ ಮನಸ್ಸಿಗೆ ಹಚ್ಚಿಕೊಂಡಾಳು. ಹೆಂಡತಿಗೆ ಮನಸ್ಸೇ ಇಲ್ಲ. ಅವತ್ತಿನಿಂದ ನನ್ನ ಗುಳಿಗೆಗಳನ್ನು ಬೇರೆ ಪುಟ್ಟ ಚೀಲದಲ್ಲಿ ಹಾಕಿ ನನ್ನ ಕೋಣೆಯ ಗೋಡೆಯೊಳಗಿನ ಮಾಡಿನಲ್ಲಿ ಇಟ್ಟೆ. ಆದರೂ ಬಾಯಿ ಮುಚ್ಚಿಕೊಂಡೇ ಇದ್ದೆ.

ಅಷ್ಟರಲ್ಲಿ ಅತ್ತೆ ಬೇರೆ ಲೆಕ್ಕ ಹಾಕಿದ್ದರು. ಸುದ್ದಿ ಓಣಿ ದಾಟಿತ್ತು, ಇನ್ನು ಅದನ್ನು ಖರೆ ಮಾಡುವುದೊಂದೇ ದಾರಿ. ಒಂದು ದಿನ ಮಾಡಿನಲ್ಲಿ ಕೈ ಹಾಕಿದರೆ ಚೀಲ ಇರಲಿಲ್ಲ. ಬಚ್ಚಲ ಒಲೆಯ ಬೂದಿಯಲ್ಲಿ ಗುಳಿಗೆಯ ಬೆಳ್ಳಿ ಹಾಳೆಯ ತುಣುಕು ಹೊಳೆಯುತ್ತಿತ್ತು.

‘ಒಲೀಗೆ ಹಾಕೇನಿ’ ಎಂದರು ಅತ್ತೆ, ಅಕ್ಕಿ ಆರಿಸುತ್ತ. ‘ಬಿಟ್ಟ ನೋಡು, ಬಸರ ನಿಲ್ಲತೈತಿ. ಆಮ್ಯಾಲೆ ತಿಂಗಳೊಪ್ಪತ್ತು ಹಿಂದಮುಂದ ಆದ್ರ ಯಾರ ಲೆಕ್ಕ ಹಿಡೀತಾರ? ನಿನ್ನ ಚೊಲೋದಕ್ಕ ಮಾಡೇನವಾ.’

ಗಂಡನಿಗೆ ಗದಗಿಗೆ ಹೋಗಿ ತರಲು ಹೇಳಿದೆ. ಮುಂಡರಗಿಯ ಅಂಗಡಿಗಳಲ್ಲಿ ಅದು ಸಿಗುತ್ತಿರಲಿಲ್ಲ, ಡಾಕ್ಟರ ಚೀಟಿಯೂ ಆತನ ಬಳಿಯೇ. ಆತ ನಾಳೆ ಎಂದ. ಆ ನಾಳೆ ಬರಲೇ ಇಲ್ಲ. ನಾನು ಅವ್ವನಿಗೆ ಫೋನ್ ಮಾಡಬಹುದಿತ್ತು, ನಾನೇ ಬಸ್ಸು ಹತ್ತಬಹುದಿತ್ತು ಎಂದು ಈಗ ಅನ್ನುವವರಿದ್ದಾರೆ. ಗುಳಿಗೆ ನಿಂತಾಗ ಗುಳಿಗೆ ತರಿಸಿಕೊಳ್ಳುವ ತ್ರಾಣವೂ ನಿಲ್ಲುತ್ತದೆ, ಇದು ಈ ಕಾಯಿಲೆ ಮಾಡುವ ಮೋಸ. ನಿದ್ದೆ ಒಮ್ಮೆಲೇ ಹೋಯಿತು. ಹೊಟ್ಟೆ ತೊಳಸಿತು. ತಲೆ ಹೊರಳಿಸಿದರೆ ಒಳಗೆ ಝುಂ ಎನ್ನುತ್ತಿತ್ತು. ಕಾರಣವಿಲ್ಲದೆ ಎದೆ ಹಾರುತ್ತಿತ್ತು. ಆಮೇಲೆ ಮೆಲ್ಲಗೆ ಹಳೆಯ ಕತ್ತಲೆ ಬಂದು ಪಕ್ಕದಲ್ಲಿ ಕೂತಿತು. ಬಾವಿಯ ಕಟ್ಟೆ ನೆನಪಾಯಿತು. ನಾನು ವಾಂತಿ ಮಾಡಿಕೊಳ್ಳುವುದನ್ನು ಕಾಕೂ ತನ್ನ ಮಾಳಿಗೆಯಿಂದ ನೋಡಿದಳು. ನೋಡಿ ಏನು ತಿಳಿದಳೆಂದು ಹೇಳಬೇಕಾಗಿಲ್ಲ.

ಅದಾದ ಮೇಲೆಯೇ ಬಯಕೆಯ ಬುತ್ತಿ ಬಂತು.

ಬಸುರಿಯ ಬಾಯಿ ರುಚಿ ತೀರಿಸಲು ಓಣಿಯ ಹೆಂಗಸರು ತಮ್ಮ ತಮ್ಮ ಮನೆಯಲ್ಲಿ ಮಾಡಿದ್ದನ್ನು ಕಟ್ಟಿಕೊಂಡು ಬರುವುದು ನಮ್ಮಲ್ಲಿ ಪದ್ಧತಿ. ಮಧ್ಯಾಹ್ನ ಪಡಸಾಲೆ ತುಂಬಿತು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ಬುತ್ತಿ. ಅತ್ತೆ ಬೇಡ ಎನ್ನಲಿಲ್ಲ. ಮಣೆ ಹಾಕಿದರು, ರಂಗೋಲಿ ಎಳೆದರು, ನನಗೆ ಹಸಿರು ಸೀರೆ ಉಡಿಸಿದರು. ಉಡಿಸುವಾಗ ಎರಡು ಸಲ ನೆರಿಗೆ ತಪ್ಪಿಸಿಕೊಂಡರು. ಆದರೂ ಉಡಿಸಿದರು. ನಾನು ತೊಗಲು ಗೊಂಬೆಯ ಹಾಗೆ ಕೂತೆ. ಕಾಕೂ ಅರಿಷಿಣ ಹಚ್ಚಿ, ಹಸಿರು ಬಳೆ ತೊಡಿಸಲು ನನ್ನ ಕೈ ಹಿಡಿದು ಗೆಣ್ಣು ಒತ್ತುತ್ತ, ‘ಈ ಸಲ ದೇವರು ಕಣ್ಣ ತೆರದಾನ ನೋಡು. ಹ್ವಾದದ್ದು ಹೋತು’ ಎಂದಳು.

ಹ್ವಾದದ್ದು ಹೋತು! ಹೋದದ್ದಕ್ಕೆ ಒಂದು ಮುಖ ಇತ್ತು, ಅದನ್ನು ನನಗೆ ತೋರಿಸಿರಲಿಲ್ಲ. ಎಲ್ಲಿತ್ತೋ ಆ ತ್ರಾಣ, ಅಡಿಯಿಂದ ಮುಡಿಯವರೆಗೆ ಸಿಟ್ಟು ಏರಿ ಬಂತು. ಕೈ ಹಿಂದಕ್ಕೆ ಎಳೆದುಕೊಂಡೆ.

‘ಕಾಕೂ, ಬಿಡ್ರಿ. ನಾ ಬಸರಿಲ್ಲ.’

ಬಳೆ ಕಾಕೂನ ಕೈಯಲ್ಲೇ ಉಳಿಯಿತು.

‘ಬಸರ ಇದ್ದೆ. ಗಂಡ ಕೂಸ ಆತು, ಸತ್ತ ಹೋತು. ಆವಾಗ ನೀವು ಯಾರೂ ಬುತ್ತಿ ತರಲಿಲ್ಲ. ಯಾರೂ ನನ್ನ ಮುಂದ ಕುಂತ ಅಳಲಿಲ್ಲ. ಚಾ ಕುಡದು ಮತ್ತೊಂದ ಆಗತೈತಿ ಅಂದು ಹ್ವಾದ್ರಿ. ನನಗ ಮನಸ್ಸಿನ ಬ್ಯಾನಿ ಬಂತು, ಗುಳಿಗಿ ತೊಗೊಂಡೆ, ಹಸಿವಿ ಆತು, ಉಂಡೆ, ದಪ್ಪ ಆದೆ. ಇಷ್ಟ! ಆ ಗುಳಿಗೀನೂ ಈಗ ಒಲ್ಯಾಗ ಸುಟ್ಟಾರ. ಅದಕ್ಕ ವಾಂತಿ ಆಗಾಕತ್ತೈತಿ.’

‘ಬಾಯಿ ಮುಚ್ಚಲೇ ಹುಚ್ಚಿ!’ ಅತ್ತೆ ಎದ್ದೇ ಬಿಟ್ಟರು, ಎದ್ದವರಿಗೆ ತಲೆ ತಿರುಗಿ ಕಂಬ ಹಿಡಿದುಕೊಂಡರು.

‘ನೋಡ್ರಿ, ತಲಿ ತಿರಗತೈತಿ ಅವರಿಗೆ. ಕಾಲ ಉರಿಗೆ ಅಂತ ದಿನಾ ನುಂಗತಾರಲ್ಲ, ಅದೂ ಹುಚ್ಚಿನ ಗುಳಿಗೀನ. ನನ್ನ ಗುಳಿಗಿಗೆ ದೊಡ್ಡಪ್ಪ ಆಗಬೇಕಂತ, ಡಾಕ್ಟರ ಹೇಳ್ಯಾರ. ನನ್ನ ಮೈದುನ ನಸಿಕಿನ್ಯಾಗ ಎದ್ದ ಕಸಾ ಹೊಡೀತಾನಲ್ಲ, ಅವಂದೂ ಅದ ಪೈಕಿ. ಈ ಮನ್ಯಾಗ ನಾ ಒಬ್ಬಾಕೀನ ಹುಚ್ಚಿ ಅಲ್ಲ. ನಾ ಒಬ್ಬಾಕೀನ ಸುಳ್ಳ ಹೇಳಲಾರದಾಕಿ.’

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮೈದುನ ಹಾಗೇ ಹಿಂದೆ ಸರಿದು ಅಡುಗೆಮನೆ ಸೇರಿದ. ಹೆಂಗಸರು ಒಬ್ಬೊಬ್ಬರೇ ಎದ್ದರು. ಕಾಕೂ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೊನೆಗೆ ಹೋದಳು. ಹೊಸ್ತಿಲಲ್ಲಿ ನಿಂತು, ‘ಬುತ್ತಿ ಇಲ್ಲೇ ಇರ್ಲಿ ಬಿಡವಾ, ಹಸಿವಿ ಅಂತೂ ಖರೆ ಐತಲ್ಲ’ ಎಂದಳು. ಆ ದಿನಗಳಲ್ಲಿ ಹಸಿವೂ ಇರಲಿಲ್ಲ. ಹೋಳಿಗೆ ಹಾಗೇ ಉಳಿದವು.

ಸಂಜೆ ಊಟವಾದ ಮೇಲೆ ಅತ್ತೆ ಬಿಸ್ಕೀಟಿನ ಡಬ್ಬಿ ತೆಗೆದರು. ಸಕ್ಕರೆ ಕಾಯಿಲೆಯ ಗುಳಿಗೆ ಇತ್ತು. ಕಾಲುರಿಯ ಗುಳಿಗೆ ಇರಲಿಲ್ಲ.

‘ನನ್ನ ಕಡೆ ಅದಾವು’ ಎಂದೆ. ‘ಸುಟ್ಟಿಲ್ಲ. ನನ್ನವು ಬರೂಮಟ ನಿಮ್ಮವು ನನ್ನ ಕಡೇನ ಇರತಾವು.’

ಗಂಡ ಕೂತಲ್ಲಿಂದ ಎದ್ದ. ‘ಆಕಿ ವಯಸ್ಸಾದಾಕಿ, ಕಾಲ ಉರೀತಾವು ಆಕೀಗೆ. ಕರುಣಾ ಇಲ್ಲೇನು ನಿನಗ?’

‘ನನಗೇನ ಉರಿಯಂಗಿಲ್ಲೇನ್ರಿ? ಗದಗಿನ ಬಸ್ಸು ನಿಮಗ ಗೊತ್ತೈತಿ. ಚೀಟೀನೂ ನಿಮ್ಮ ಕಿಸೇದಾಗ ಐತಿ.’

ಕೇಳಿದವರು ಇದಕ್ಕೂ ನನ್ನ ಮುಖ ನೋಡುತ್ತಾರೆ, ಪಶ್ಚಾತ್ತಾಪ ಹುಡುಕುತ್ತಾರೆ. ಇಲ್ಲ. ಒಂದು ಕಣದಷ್ಟೂ ಇಲ್ಲ. ಮರುದಿನ ಮೊದಲ ಬಸ್ಸಿಗೇ ಆತ ಗದಗಿಗೆ ಹೊರಟ. ನನ್ನ ಕಾಯಿಲೆ ಕದಲಿಸದ ಕಾಲನ್ನು ಆತನ ಅವ್ವನ ಅಂಗಾಲು ಕದಲಿಸಿತು.

ಬಿಸಿಲು ಏರುವ ಹೊತ್ತಿಗೆ ಅತ್ತೆ ಹಿತ್ತಲ ಕಟ್ಟೆಯ ಮೇಲೆ, ತಣ್ಣೀರು ತುಂಬಿದ ತಗಡಿನ ಬುಟ್ಟಿಯಲ್ಲಿ ಎರಡೂ ಕಾಲು ಇಳಿಬಿಟ್ಟು ಕೂತಿದ್ದರು. ಅವರಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಇಬ್ಬರ ಕಣ್ಣೂ ಒಂದೇ ಥರ ಕೆಂಪಾಗಿದ್ದವು. ನಾನು ಎದುರಿನ ಕಲ್ಲಿನ ಮೇಲೆ ಕೂತೆ. ಗುಳಿಗೆಗಳು ನನ್ನ ಸೆರಗಿನ ಗಂಟಿನಲ್ಲಿದ್ದವು.

‘ಕೊಡು’ ಎಂದರು.

‘ಅವರು ಬಂದ ಮ್ಯಾಲೆ.’

ಅವರು ನೀರು ಕಲಕುತ್ತ ಕೂತರು. ಬೈಯಲಿಲ್ಲ, ಅಳಲಿಲ್ಲ. ನಾನೇ ಕೇಳಿದೆ.

‘ಅತ್ತೀ, ಕೂಸು ಹೆಂಗಿತ್ರಿ?’

ಅವರ ಕಾಲು ನೀರಿನಲ್ಲಿ ನಿಂತವು. ‘ಈಗ್ಯಾಕ ಅದು?’

‘ನೀವು ನೋಡೀರಿ. ಎತ್ಕೊಂಡೀರಿ. ನಾ ನೋಡಿಲ್ಲ.’

ಅವರು ಬಾವಿಯ ಕಡೆ ನೋಡುತ್ತ ಹೇಳಿದರು.

‘ತಲಿ ತುಂಬ ಕೂದಲ ಇತ್ತು. ಕರ್ರಗ. ಬಣ್ಣ ನಿಂದು. ಕಣ್ಣ ಮುಚ್ಚಿತ್ತು, ಅದೊಂದ ತಿಳೀಲಿಲ್ಲ.’ ಒಣಗಿದ ಬಾಯಿಯನ್ನು ನಾಲಿಗೆಯಿಂದ ಸವರಿಕೊಂಡರು. ಬಲಗಾಲನ್ನು ನೀರಿನಿಂದ ಮೆಲ್ಲಗೆ ಮೇಲೆತ್ತಿದರು. ಅವರ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ‘ಇದ ನೋಡು, ಇಂಥಾದ್ದ ಬೆರಳ ಇತ್ತದಕ್ಕ. ಸಣ್ಣದು, ಜೋಳದ ಕಾಳಿನಷ್ಟ. ದಿನಾ ಕಾಲಿಗೆ ಎಣ್ಣಿ ಹಚ್ಕೊಳ್ಳಾಗ ಕಾಣತೈತಿ ನನಗ. ಯಾರ ಮುಂದ ಹೇಳಲಿ?’

ನನ್ನ ಮುಂದೆ ಹೇಳಬೇಕಿತ್ತು! ನನ್ನ ಮುಂದೆಯೇ ಹೇಳಬೇಕಿತ್ತು. ಅದನ್ನೇ ಕೂಗಿ ಹೇಳಿದೆ, ಕಾಕೂನ ಮಾಳಿಗೆಗೂ ಕೇಳಿಸುವ ಹಾಗೆ ಹೇಳಿದೆ. ಅವರು ತಲೆ ತಗ್ಗಿಸಿಕೊಂಡು ಕೇಳಿದರು.

ಗಂಟು ಬಿಚ್ಚಲಿಲ್ಲ ನಾನು. ಗದಗಿನಿಂದ ಬಸ್ಸು ಬರುವವರೆಗೂ ಗುಳಿಗೆ ಕೊಡಲಿಲ್ಲ. ಆದರೆ ಕಲ್ಲಿನಿಂದ ಇಳಿದು ನೆಲಕ್ಕೆ ಕೂತೆ, ಆ ಒದ್ದೆ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡೆ, ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದೆ.